ಓದಿನ ಒತ್ತಡ ಮತ್ತು ಮಕ್ಕಳ ಮನಸ್ಸು: ಪೋಷಕರೂ ಶಿಕ್ಷಕರೂ ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಶಾಲೆಗಳಲ್ಲಿ ಪೋಷಕರ ಸಭೆ ನಡೆದಾಗ, ಸಭೆ ಮುಗಿದು ಅಂಗಳದಲ್ಲಿ ನಿಂತು ಮಾತಾಡುವಾಗ, ಆಮೇಲೆ ಬರುವ ಪತ್ರ ಮತ್ತು ವಾಟ್ಸ್‌ಆ್ಯಪ್ ಸಂದೇಶಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದ್ದೇವೆ. ಯಾವ ಉತ್ತರವನ್ನು ಬೇಕಾದರೂ ಬಿಡಿಯಾಗಿ ಓದಿಕೊಳ್ಳಬಹುದು. ಮಗು ಸಾಯುವ ಮಾತಾಡುತ್ತಿದ್ದರೆ ಮಾತ್ರ ಉಳಿದದ್ದನ್ನೆಲ್ಲ ಬಿಟ್ಟು ಮೊದಲು ಕೊನೆಯ ಭಾಗದಲ್ಲಿರುವ "'ಸತ್ತು ಹೋಗ್ತೀನಿ' ಅಂತಾಳೆ" ಎಂಬ ಪ್ರಶ್ನೆಯ ಉತ್ತರವನ್ನು ಓದಿ.

## ಮೊದಲಿಗೆ ಕೇಳುವವು

"ನಾವೂ ಏಟು ತಿಂದೇ ಓದಿದ್ದು. ಈಗಿನ ಮಕ್ಕಳಿಗೆ ಮಾತ್ರ ಎಲ್ಲಿಂದ ಬಂತು ಈ ಒತ್ತಡ?"

ಪರೀಕ್ಷೆಯೂ ಏಟೂ ಫೇಲಾಗುವ ಭಯವೂ ಹಿಂದೆಯೂ ಇದ್ದವು ಎಂಬುದು ನಿಜ. ಆದರೆ ಏಟಿಗೆ ಹೆದರಿ ಐದನೇ ತರಗತಿಗೇ ಶಾಲೆ ಬಿಟ್ಟವರು ಇಂದು ಪೋಷಕರ ಸಭೆಯಲ್ಲಿ ಎದ್ದು ನಿಂತು ಈ ಮಾತನ್ನು ಹೇಳುವುದಿಲ್ಲ. ಹೇಳುವವರು ಹೇಗೋ ದಾಟಿಕೊಂಡವರು ಮಾತ್ರ.

ಬದಲಾದದ್ದು ಒತ್ತಡದ ಅವಧಿ ಮತ್ತು ಅದನ್ನು ನೋಡುವ ಕಣ್ಣುಗಳ ಸಂಖ್ಯೆ. ಒಂದು ಕಾಲಕ್ಕೆ ಏಳನೇ ತರಗತಿ, ಎಸ್ಸೆಸ್ಸೆಲ್ಸಿ ಎಂದು ಒಂದೆರಡು ವರ್ಷಗಳಿಗೆ ಸೀಮಿತವಾಗಿದ್ದ ಆತಂಕ ಈಗ ಎಲ್‌ಕೆಜಿ ಸೇರುವಾಗಲೇ ಶುರುವಾಗಿ ವರ್ಷದ ಹನ್ನೆರಡು ತಿಂಗಳೂ ಜೊತೆಗಿರುತ್ತದೆ. ಅಂದು ಅಂಕಪಟ್ಟಿಯನ್ನು ಮನೆಯವರು ನೋಡಿ ಟ್ರಂಕಿನಲ್ಲಿಡುತ್ತಿದ್ದರು. ಇಂದು ಕಿರುಪರೀಕ್ಷೆಯ ಅಂಕವೂ ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ಬರುತ್ತದೆ, ಫಲಿತಾಂಶದ ವಾರದಲ್ಲಿ ವೃತ್ತಗಳ ತುಂಬ 625ಕ್ಕೆ ಇಷ್ಟು ಎಂಬ ಫ್ಲೆಕ್ಸ್‌ಗಳು ನಿಲ್ಲುತ್ತವೆ, ಮದುವೆ ಮನೆಯಲ್ಲಿ ಊಟಕ್ಕೆ ಕೂತವರು ಮಗುವಿನ ಹೆಸರು ಕೇಳುವ ಮೊದಲು ಪರ್ಸೆಂಟೇಜ್ ಕೇಳುತ್ತಾರೆ. ಎನ್‌ಸಿಇಆರ್‌ಟಿ 2022ರಲ್ಲಿ 6ರಿಂದ 12ನೇ ತರಗತಿಯವರೆಗಿನ ಸುಮಾರು 3.79 ಲಕ್ಷ ವಿದ್ಯಾರ್ಥಿಗಳನ್ನು ಒಳಗೊಂಡು ನಡೆಸಿದ ಸಮೀಕ್ಷೆಯಲ್ಲಿ ಆತಂಕದ ಕಾರಣವೆಂದು ಶೇ. 50ರಷ್ಟು ಮಕ್ಕಳು ಓದನ್ನೂ ಶೇ. 31ರಷ್ಟು ಮಕ್ಕಳು ಪರೀಕ್ಷೆ ಮತ್ತು ಫಲಿತಾಂಶವನ್ನೂ ಹೆಸರಿಸಿದ್ದರು.

"ಒತ್ತಡವೇ ಹಾಕದಿದ್ದರೆ ಮಕ್ಕಳು ಪುಸ್ತಕ ಮುಟ್ಟುತ್ತಾರಾ?"

ಒಂದಿಷ್ಟು ಒತ್ತಡ ಬೇಕು. ನಾಳೆ ಪರೀಕ್ಷೆ ಇದೆ ಎಂಬ ಎಚ್ಚರವಿಲ್ಲದೆ ದೊಡ್ಡವರೂ ಓದುವುದಿಲ್ಲ. ಒತ್ತಡ ಒಂದು ಹದದವರೆಗೆ ಕೆಲಸವನ್ನು ಚುರುಕುಗೊಳಿಸಿ, ಹದ ಮೀರಿದಾಗ ಅದೇ ಕೆಲಸವನ್ನು ಕೆಡಿಸುತ್ತದೆ ಎಂಬುದನ್ನು ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಇಬ್ಬರು ಮನೋವಿಜ್ಞಾನಿಗಳು 1908ರಲ್ಲೇ ಪ್ರಯೋಗದಿಂದ ತೋರಿಸಿದ್ದರು; ಕೆಲಸ ಕಷ್ಟದ್ದಾದಷ್ಟೂ ಆ ಹದ ಬೇಗ ಮೀರುತ್ತದೆ ಎಂಬುದು ಅವರು ಕಂಡ ಇನ್ನೊಂದು ಸಂಗತಿ. ಕಾಪಿ ಬರೆಯುವಾಗ ತಡೆದುಕೊಳ್ಳುವ ಗದರಿಕೆಯನ್ನು ಬೀಜಗಣಿತದ ಲೆಕ್ಕ ಬಿಡಿಸುವಾಗ ಮಗು ತಡೆದುಕೊಳ್ಳದಿರುವುದು ಇದರಿಂದಲೇ. ಹದ ಮೀರಿದೆಯೇ ಎಂದು ತಿಳಿಯಲು ಪರೀಕ್ಷೆ ಮುಗಿದ ಮರುದಿನ ಮಗು ಹೇಗಿದೆ ಎಂದು ನೋಡಿ. ಆಟ, ಊಟ, ನಗು ಮರಳಿದ್ದರೆ ಚಿಂತೆ ಬೇಡ. ಪರೀಕ್ಷೆ ಮುಗಿದರೂ ಭಯ ಮುಗಿಯದಿದ್ದರೆ ಅದು ಪರೀಕ್ಷೆಯ ಭಯವಾಗಿ ಉಳಿದಿಲ್ಲ.

"ಸೋಮವಾರ ಬೆಳಿಗ್ಗೆ ಸರಿಯಾಗಿ ಹೊಟ್ಟೆನೋವು, ಭಾನುವಾರ ಏನೂ ಇಲ್ಲ. ಇದು ನಾಟಕ ಅಲ್ವಾ?"

ಬಹುಪಾಲು ಮಕ್ಕಳಲ್ಲಿ ಇದು ನಾಟಕವಲ್ಲ. ಭಯವಾದಾಗ ದೇಹ ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಎಂಬ ಹಾರ್ಮೋನುಗಳನ್ನು ಹೆಚ್ಚಾಗಿ ಸುರಿಸುತ್ತದೆ. ಕರುಳಿನ ಚಲನೆ ಏರುಪೇರಾಗುತ್ತದೆ, ಸ್ನಾಯುಗಳು ಬಿಗಿಯುತ್ತವೆ, ತಲೆ ಸಿಡಿಯುತ್ತದೆ. ನೋವು ನಿಜವಾದದ್ದು, ಅದರ ಮೂಲ ಮಾತ್ರ ಹೊಟ್ಟೆಯಲ್ಲಿಲ್ಲ. "ನನಗೆ ಗಣಿತದ ಸರ್ ಕಂಡರೆ ಭಯ" ಎಂದು ಹೇಳಲು ಮಾತು ಸಾಲದ ವಯಸ್ಸಿನಲ್ಲಿ ಹೊಟ್ಟೆಯೇ ಅದನ್ನು ಹೇಳುತ್ತದೆ. ಉಗುರು ಕಚ್ಚುವುದು, ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳುವುದು, ಸಣ್ಣ ಮಾತಿಗೂ ರೇಗುವುದು, ಇಷ್ಟದ ಆಟವನ್ನೇ ಬಿಡುವುದು ಇವೂ ಇದೇ ಗುಂಪಿನವು.

ಹಾಗೆಂದು ದೇಹದ ಕಾಯಿಲೆಯನ್ನು ಮರೆಯುವಂತಿಲ್ಲ. ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ. ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಜ್ವರ, ತೂಕ ಇಳಿಯುವುದು, ಮಲದಲ್ಲಿ ರಕ್ತ ಇದ್ದರೆ ತಡ ಮಾಡಬೇಡಿ. ಅವೇನೂ ಇಲ್ಲವೆಂದು ಖಚಿತವಾದ ಮೇಲೆ ಶಾಲೆ ಬಿಡಿಸಿ ಮನೆಯಲ್ಲಿ ಕೂರಿಸುವುದರಿಂದ ಭಯ ಇನ್ನೂ ಗಟ್ಟಿಯಾಗುತ್ತದೆ. ಮಗುವನ್ನು ಶಾಲೆಗೆ ಕಳಿಸುತ್ತಲೇ, ಅಲ್ಲಿ ಯಾವ ಪೀರಿಯಡ್, ಯಾವ ವ್ಯಕ್ತಿ, ಯಾವ ಪಾಠ ಅದನ್ನು ಹೆದರಿಸುತ್ತಿದೆ ಎಂದು ಹುಡುಕಿ ತರಗತಿ ಶಿಕ್ಷಕರೊಡನೆ ಕೂತು ಮಾತಾಡುವುದು ಸರಿಯಾದ ದಾರಿ.

"ಮನೆಯಲ್ಲಿ ಗಿಣಿಯಂತೆ ಒಪ್ಪಿಸುತ್ತಾನೆ, ಪರೀಕ್ಷೆಯಲ್ಲಿ ಎಲ್ಲಾ ಮರೆತೆ ಅಂತಾನೆ. ಯಾಕೆ?"

ಎರಡು ಕಾರಣಗಳು ಸಾಮಾನ್ಯ. ಆತಂಕದಲ್ಲಿರುವ ಮನಸ್ಸು "ಫೇಲಾದರೆ ಅಪ್ಪ ಏನಂತಾರೆ" ಎಂಬ ಯೋಚನೆಗೇ ತನ್ನ ಜಾಗವನ್ನೆಲ್ಲ ಕೊಟ್ಟುಬಿಡುತ್ತದೆ, ಉತ್ತರವನ್ನು ನೆನೆದು ಜೋಡಿಸಲು ಸ್ಥಳವೇ ಉಳಿಯುವುದಿಲ್ಲ. ಇನ್ನೊಂದು, ಈಗಷ್ಟೇ ಓದಿದ್ದನ್ನು ಈಗಲೇ ಒಪ್ಪಿಸಿದರೆ ಅದು ಕಲಿತದ್ದಾಗುವುದಿಲ್ಲ. ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಇಂದಿನವರೆಗೆ ಮತ್ತೆ ಮತ್ತೆ ಕಂಡುಬಂದಿರುವುದೇನೆಂದರೆ, ಒಂದೇ ರಾತ್ರಿ ಮೂರು ಗಂಟೆ ಓದಿದ್ದಕ್ಕಿಂತ ದಿನ ಬಿಟ್ಟು ದಿನ ಅದನ್ನೇ ಹಂಚಿಕೊಂಡು ಓದಿದ್ದು ಹೆಚ್ಚು ಕಾಲ ನಿಲ್ಲುತ್ತದೆ. ಎರಡು ದಿನದ ನಂತರ ಪುಸ್ತಕ ಮುಚ್ಚಿಟ್ಟು, ಗದರದೆ, ಮಗು ತನ್ನ ಮಾತಿನಲ್ಲಿ ಹೇಳುವಂತೆ ಕೇಳಿ. ತಪ್ಪಿದ್ದನ್ನು ಗುರುತು ಮಾಡಿ ಮತ್ತೆ ಒಂದು ವಾರಕ್ಕೆ ಕೇಳಿ.

## ಮನೆಯೊಳಗಿನ ಪ್ರಶ್ನೆಗಳು

"ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸಿ ಓದಿಸಿದರೆ ತಲೆಗೆ ಹತ್ತುತ್ತದೆ ಅಂತಾರೆ. ಎಬ್ಬಿಸಬಹುದಾ?"

ರಾತ್ರಿ ಎಂಟಕ್ಕೇ ಮಲಗುವ ಮಗುವಾದರೆ ಎಬ್ಬಿಸಿ. ಹನ್ನೊಂದಕ್ಕೆ ಮಲಗಿದ ಮಗುವನ್ನು ನಾಲ್ಕಕ್ಕೆ ಎಬ್ಬಿಸಿದರೆ ಅದಕ್ಕೆ ಸಿಕ್ಕಿದ್ದು ಐದೇ ಗಂಟೆಯ ನಿದ್ದೆ. 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ, 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕೆಂಬುದು ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2016ರಲ್ಲಿ ನೀಡಿದ ಸಲಹೆ. ಹಗಲು ಓದಿದ್ದನ್ನು ಮಿದುಳು ನೆನಪಿನಲ್ಲಿ ಗಟ್ಟಿಗೊಳಿಸುವುದು ನಿದ್ದೆಯಲ್ಲೇ, ಆದ್ದರಿಂದ ನಿದ್ದೆ ಕದ್ದು ಓದಿದ್ದರಲ್ಲಿ ಒಂದು ಪಾಲು ಹಾಗೆಯೇ ಸೋರಿಹೋಗುತ್ತದೆ. ಹರೆಯಕ್ಕೆ ಬಂದ ಮಕ್ಕಳ ದೇಹದ ಗಡಿಯಾರ ಸಹಜವಾಗಿಯೇ ಒಂದೆರಡು ಗಂಟೆ ತಡವಾಗಿ ಓಡತೊಡಗುತ್ತದೆ. ಹತ್ತನೇ ತರಗತಿಯ ಹುಡುಗ ರಾತ್ರಿ ಬೇಗ ನಿದ್ದೆ ಬರಲಿಲ್ಲವೆಂದರೆ ಅದು ಸೋಮಾರಿತನವಲ್ಲ.

ಇಲ್ಲಿ ಹಳ್ಳಿಯ ಮಕ್ಕಳ ಕಷ್ಟವನ್ನು ಬೇರೆಯಾಗಿಯೇ ಹೇಳಬೇಕು. ಜಗಳೂರು, ಮೊಳಕಾಲ್ಮೂರು ಕಡೆಯ ಹಳ್ಳಿಗಳಿಂದ ಬಸ್ಸಿನಲ್ಲಿ ಓಡಾಡುವ ಮಗು, ಶಾಲೆಗೆ ಮುಂಚೆ ಒಂದು ವಿಶೇಷ ತರಗತಿ, ಶಾಲೆ ಬಿಟ್ಟ ಮೇಲೆ ಇನ್ನೊಂದು ವಿಶೇಷ ತರಗತಿ ಮುಗಿಸಿ ಮನೆ ಸೇರುವಷ್ಟರಲ್ಲಿ ಕತ್ತಲಾಗಿರುತ್ತದೆ. ಮರುದಿನ ಐದು ಗಂಟೆಗೆ ಎದ್ದಿದ್ದಾರೆಯೇ ಎಂದು ಶಿಕ್ಷಕರು ಫೋನ್ ಮಾಡಿ ವಿಚಾರಿಸುವ ಕ್ರಮವೂ ಕೆಲವು ಶಾಲೆಗಳಲ್ಲಿದೆ. ಅದರ ಹಿಂದಿನ ಕಾಳಜಿಯನ್ನು ಅಲ್ಲಗಳೆಯಲಾಗದು, ಆದರೆ ಆ ಫೋನು ರಾತ್ರಿ ಒಂಬತ್ತೂವರೆಗೆ "ಮಲಗಿದೆಯಾ?" ಎಂದು ಕೇಳುವುದಕ್ಕೆ ಬಂದರೆ ಹೆಚ್ಚು ಉಪಕಾರವಾದೀತು.

"ದೊಡ್ಡಪ್ಪನ ಮಗಳನ್ನ ನೋಡಿ ಕಲಿ ಅಂದರೆ ಛಲ ಬರುತ್ತದೆ ಅಂತ ಹೇಳೋದು. ತಪ್ಪಾ?"

ಛಲ ಬರುವುದು ಗೆಲ್ಲಬಹುದೆಂಬ ನಂಬಿಕೆ ಇದ್ದಾಗ. ಮೂವತ್ತೈದು ಅಂಕ ತೆಗೆಯುವ ಹುಡುಗನನ್ನು ತೊಂಬತ್ತೈದರ ಅಕ್ಕನೊಡನೆ ನಿಲ್ಲಿಸಿದರೆ ಅವನಲ್ಲಿ ಛಲ ಹುಟ್ಟುವುದಿಲ್ಲ, ಅಕ್ಕನ ಮೇಲೆ ಮುನಿಸೂ ತನ್ನ ಮೇಲೆ ಬೇಸರವೂ ಹುಟ್ಟುತ್ತವೆ. ಹೋಲಿಸಲೇಬೇಕೆಂದರೆ ಕಳೆದ ತಿಂಗಳ ಅವನೊಂದಿಗೇ ಹೋಲಿಸಿ. ಹೋಲಿಸಿಕೊಳ್ಳಲ್ಪಟ್ಟ ಆ ಅಕ್ಕನ ಪಾಡನ್ನು ಯಾರೂ ಕೇಳುವುದಿಲ್ಲ. ಇಡೀ ಬಂಧುಬಳಗಕ್ಕೆ ಮಾದರಿಯಾಗಿರುವ ಮಗುವಿಗೆ ಒಂದು ಪರೀಕ್ಷೆಯಲ್ಲಿ ಎಡವುವ ಸ್ವಾತಂತ್ರ್ಯವೂ ಇರುವುದಿಲ್ಲ, ಮತ್ತು ಚೆನ್ನಾಗಿ ಓದುವ ಮಕ್ಕಳ ಆತಂಕ ಅಂಕಪಟ್ಟಿಯಲ್ಲಿ ಕಾಣದಿರುವುದರಿಂದ ಅದು ಬಹಳ ತಡವಾಗಿ ನಮ್ಮ ಗಮನಕ್ಕೆ ಬರುತ್ತದೆ.

"ನಾಲ್ಕನೇ ಕ್ಲಾಸಿಗೇ ನವೋದಯ, ಮೊರಾರ್ಜಿ ಕೋಚಿಂಗ್‌ಗೆ ಹಾಕಬೇಕಾ?"

ಈ ಶಾಲೆಗಳು ಬಡ ಮತ್ತು ಹಳ್ಳಿಯ ಕುಟುಂಬಗಳಿಗೆ ತೆರೆದಿಡುವ ಬಾಗಿಲು ದೊಡ್ಡದು, ಆಸೆಪಡುವುದರಲ್ಲಿ ತಪ್ಪಿಲ್ಲ. ಲೆಕ್ಕವನ್ನು ಮಾತ್ರ ಮೊದಲೇ ತಿಳಿದಿರಬೇಕು. ನವೋದಯದ ಆರನೇ ತರಗತಿಗೆ ಒಂದು ಶಾಲೆಯಲ್ಲಿ ಹೆಚ್ಚೆಂದರೆ 80 ಸೀಟು. 2 ಗಂಟೆಯಲ್ಲಿ 80 ಪ್ರಶ್ನೆಗಳ ಪರೀಕ್ಷೆ. ಒಂದು ಮಗು ಒಮ್ಮೆ ಮಾತ್ರ ಬರೆಯಬಹುದು. ಬರೆದ ಮಕ್ಕಳಲ್ಲಿ ಬಹುತೇಕರಿಗೆ ಸೀಟು ಸಿಗುವುದಿಲ್ಲ ಎಂಬುದು ಆ ವ್ಯವಸ್ಥೆಯಲ್ಲೇ ಅಡಗಿದೆ, ಹತ್ತು ವರ್ಷದ ಮಗುವಿನ ದೌರ್ಬಲ್ಯದಲ್ಲಲ್ಲ.

ದಿನಕ್ಕೆ ಒಂದು ಗಂಟೆ ಒಗಟು ಬಿಡಿಸಿದಂತೆ ಅಭ್ಯಾಸ ಮಾಡಿಸುವುದರಿಂದ ತೊಂದರೆಯಿಲ್ಲ. ಮನೆ ಬಿಡಿಸಿ, ವಸತಿ ಕೋಚಿಂಗ್‌ಗೆ ಸೇರಿಸಿ, ನಾಲ್ಕು ಮತ್ತು ಐದನೇ ತರಗತಿಯ ಬಾಲ್ಯವನ್ನೆಲ್ಲ ಆ ಎರಡು ಗಂಟೆಗೆ ಒತ್ತೆ ಇಡುವುದು ಬೇರೆ ಮಾತು. ಅದನ್ನು ನಾವು ಒಪ್ಪುವುದಿಲ್ಲ. ಪರೀಕ್ಷೆಗೆ ಮುಂಚೆಯೇ "ಸೀಟು ಸಿಗದಿದ್ದರೆ ಇದೇ ಊರಿನ ಶಾಲೆಗೆ ಹೋಗೋಣ, ಅಲ್ಲಿ ನಿನ್ನ ಗೆಳೆಯರಿದ್ದಾರೆ" ಎಂದು ಮಗುವಿಗೆ ಹೇಳಿಡಿ. ಫಲಿತಾಂಶ ಬಂದ ಮೇಲೆ ಹೇಳಿದರೆ ಅದು ಸಮಾಧಾನದ ಮಾತಾಗಿ ಮಾತ್ರ ಕೇಳುತ್ತದೆ.

"ಬ್ಯಾಗ್ ಎಷ್ಟು ಭಾರ ಇರಬೇಕು ಅಂತ ರೂಲ್ ಏನಾದ್ರೂ ಇದೆಯಾ?"

ಇದೆ. ರಾಜ್ಯ ಶಿಕ್ಷಣ ಇಲಾಖೆಯ 2019ರ ಆದೇಶದಂತೆ 1–2ನೇ ತರಗತಿಗೆ 1.5ರಿಂದ 2 ಕೆ.ಜಿ., 3–5ಕ್ಕೆ 2ರಿಂದ 3, 6–8ಕ್ಕೆ 3ರಿಂದ 4, 9–10ಕ್ಕೆ 4ರಿಂದ 5 ಕೆ.ಜಿ. ಮಿತಿ, ತಿಂಗಳ ಮೂರನೇ ಶನಿವಾರ ಬ್ಯಾಗ್ ರಹಿತ ದಿನ. ಮೈಸೂರಿನಲ್ಲಿ ನೆಲೆಸಿದ್ದ ಆರ್. ಕೆ. ನಾರಾಯಣ್ ರಾಜ್ಯಸಭೆಯ ತಮ್ಮ ಮೊದಲ ಭಾಷಣವನ್ನು ಮಕ್ಕಳ ಈ ಹೊರೆಗೇ ಮೀಸಲಿಟ್ಟಿದ್ದರು, ಪ್ರೊ. ಯಶ್‌ಪಾಲ್ ಸಮಿತಿ ಹೊರೆಯಿಲ್ಲದ ಕಲಿಕೆಯ ಬಗ್ಗೆ 1993ರಲ್ಲಿ ವರದಿಯನ್ನೂ ಕೊಟ್ಟಿತ್ತು. ಒಂದು ದಿನ ಬ್ಯಾಗನ್ನು ಅಂಗಡಿಯ ತಕ್ಕಡಿಗಿಟ್ಟು ನೋಡಿ, ಹೆಚ್ಚಿದ್ದರೆ ಮುಖ್ಯ ಶಿಕ್ಷಕರಿಗೆ ಬರೆದು ಕೊಡಿ.

## ಶಾಲೆಯ ಪ್ರಶ್ನೆಗಳು

"ಮಾರ್ಕ್ಸ್ ನೋಡಿ ಸೆಕ್ಷನ್ ಬೇರೆ ಮಾಡಿದ್ದಾರೆ. ನನ್ನ ಮಗ 'ನಾನು ದಡ್ಡರ ಸೆಕ್ಷನ್' ಅಂತಾನೆ. ಕೇಳಬಹುದಾ?"

ಕೇಳಬಹುದು, ಕೇಳಲೇಬೇಕು. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಕಲಂ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ನೀಡಿದ ಮಾರ್ಗಸೂಚಿಯಲ್ಲಿ, ಶಿಕ್ಷಣ ಸಂಸ್ಥೆಗಳೂ ಕೋಚಿಂಗ್ ಕೇಂದ್ರಗಳೂ ಅಂಕದ ಆಧಾರದ ಮೇಲೆ ತಂಡ ವಿಂಗಡಿಸುವುದನ್ನು, ಎಲ್ಲರೆದುರು ಅವಮಾನಿಸುವುದನ್ನು, ಸಾಮರ್ಥ್ಯ ಮೀರಿದ ಗುರಿ ಹೇರುವುದನ್ನು ಸಾಧ್ಯವಾದಷ್ಟೂ ಕೈಬಿಡಬೇಕೆಂದು ಹೇಳಿದೆ. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆ ಅರ್ಹ ಆಪ್ತಸಮಾಲೋಚಕರನ್ನು ನೇಮಿಸಬೇಕೆಂಬುದೂ ಅದರಲ್ಲಿದೆ.

ಕಲಿಕೆಯಲ್ಲಿ ಹಿಂದುಳಿದ ಮಕ್ಕಳಿಗೆ ದಿನದ ಒಂದು ಗಂಟೆ ಪ್ರತ್ಯೇಕವಾಗಿ ಹೇಳಿಕೊಡುವುದಕ್ಕೂ, ಇಡೀ ವರ್ಷ ಅವರನ್ನು ಬೇರೆ ಕೋಣೆಯಲ್ಲಿ ಕೂರಿಸುವುದಕ್ಕೂ ಅಂತರವಿದೆ. ಮೊದಲನೆಯದು ಸಹಾಯ, ಎರಡನೆಯದು ಹಣೆಪಟ್ಟಿ. ಒಬ್ಬರೇ ಹೋಗುವ ಬದಲು ನಾಲ್ಕೈದು ಪೋಷಕರು ಸೇರಿ, ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮೂಲಕ, ಲಿಖಿತವಾಗಿ ಕೇಳಿ. ಉತ್ತರ ಬಾರದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಡಿ.

"ರಿಸಲ್ಟ್ ಕಡಿಮೆ ಬಂದರೆ ನೋಟಿಸ್ ಬರೋದು ನಮಗೆ. ಮಕ್ಕಳ ಮೇಲೆ ಒತ್ತಡ ಹಾಕಬೇಡಿ ಅಂದ್ರೆ ನಾವೇನು ಮಾಡಬೇಕು?"

ಇದು ಶಿಕ್ಷಕರು ದನಿ ತಗ್ಗಿಸಿ ಕೇಳುವ ಪ್ರಶ್ನೆ, ಮತ್ತು ಈ ಪುಟದ ಅತ್ಯಂತ ನ್ಯಾಯವಾದ ಪ್ರಶ್ನೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ರಾಜ್ಯದ ಜಿಲ್ಲೆಗಳನ್ನು ಒಂದರ ಕೆಳಗೊಂದು ಪಟ್ಟಿ ಮಾಡಲಾಗುತ್ತದೆ. ಆ ಪಟ್ಟಿಯಲ್ಲಿನ ಸ್ಥಾನಕ್ಕೆ ಜಿಲ್ಲಾಡಳಿತ ಡಿಡಿಪಿಐಯವರನ್ನು (ಜಿಲ್ಲೆಯ ಶಾಲಾ ಶಿಕ್ಷಣ ಉಪನಿರ್ದೇಶಕರನ್ನು) ಕೇಳುತ್ತದೆ, ಡಿಡಿಪಿಐ ಬಿಇಒಗಳನ್ನು, ಬಿಇಒ ಮುಖ್ಯ ಶಿಕ್ಷಕರನ್ನು, ಅವರು ವಿಷಯ ಶಿಕ್ಷಕರನ್ನು ಕೇಳುತ್ತಾರೆ. ಶಿಕ್ಷಕರು ಕೇಳಬಹುದಾದವರು ಒಬ್ಬರೇ, ಹದಿನೈದು ವರ್ಷದ ಮಗು. ಆ ಮಗುವಿನ ಕೆಳಗೆ ಯಾರೂ ಇಲ್ಲ. ನಾವು "ಮಕ್ಕಳ ಒತ್ತಡ" ಎನ್ನುವುದರ ಬಹುಪಾಲು ದೊಡ್ಡವರು ಇಳಿಸಿಕೊಳ್ಳಲಾಗದೆ ಕೆಳಕ್ಕೆ ದಾಟಿಸಿದ ಒತ್ತಡ.

ಈ ಪಟ್ಟಿ ಏನನ್ನು ಅಳೆಯುತ್ತದೆ ಎಂಬುದನ್ನು ನಮ್ಮ ಜಿಲ್ಲೆಯಿಂದಲೇ ತಿಳಿಯಬಹುದು. 2023ರಲ್ಲಿ ಚಿತ್ರದುರ್ಗ ರಾಜ್ಯಕ್ಕೇ ಮೊದಲ ಸ್ಥಾನದಲ್ಲಿತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾ ಮೂಲಕ ನೇರ ನಿಗಾ) ಬಂದಿತು, ರಾಜ್ಯದ ಒಟ್ಟು ಫಲಿತಾಂಶವೇ ಇಳಿಯಿತು, ಮೊದಲ ಸ್ಥಾನ ಉಡುಪಿಗೆ ಹೋಯಿತು. ಒಂದು ವರ್ಷದಲ್ಲಿ ಕೋಟೆಯೂರಿನ ಮಕ್ಕಳ ಬುದ್ಧಿ ಇಳಿಯಲೂ ಇಲ್ಲ, ಅದಕ್ಕೆ ಹಿಂದಿನ ವರ್ಷ ಏರಿಯೂ ಇರಲಿಲ್ಲ. ಪರೀಕ್ಷೆ ನಡೆಸುವ ರೀತಿ ಬದಲಾದರೆ ಪಟ್ಟಿಯೂ ಬದಲಾಗುತ್ತದೆ.

ನೋಟಿಸನ್ನು ನೀವು ತಡೆಯಲಾರಿರಿ, ಅದು ತರಗತಿಗೆ ಬರುವ ಬಗೆಯನ್ನು ಬದಲಿಸಬಲ್ಲಿರಿ. ಸರಣಿ ಪರೀಕ್ಷೆಯ ಅಂಕಗಳನ್ನು ಗಟ್ಟಿಯಾಗಿ ಓದದೆ ಉತ್ತರ ಪತ್ರಿಕೆಯಲ್ಲೇ ಬರೆದು ಕೈಗೆ ಕೊಡಿ. ಉತ್ತೀರ್ಣರಾಗಲು ಬೇಕಾದಷ್ಟನ್ನು ಕಲಿಸುವ ಪಾಸಿಂಗ್ ಪ್ಯಾಕೇಜನ್ನು "ನಿಮ್ಮಂಥವರಿಗೆ ಇಷ್ಟೇ" ಎಂಬ ಮಾತಿಲ್ಲದೆ ಕೊಡಿ. ವಿಶೇಷ ತರಗತಿ ಅನಿವಾರ್ಯವಾದರೆ ಆಟದ ಪೀರಿಯಡನ್ನಾದರೂ ಉಳಿಸಿ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈದಣಿಯುವ ಚಟುವಟಿಕೆ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಿಮ್ಮ ನಿದ್ದೆಯೂ ಕೆಟ್ಟಿದ್ದರೆ ಮುಂದೆ ಹೇಳಿರುವ ಸಹಾಯವಾಣಿ ಶಿಕ್ಷಕರಿಗೂ ತೆರೆದಿದೆ.

"ಎಸ್ಸೆಸ್ಸೆಲ್ಸಿಯಲ್ಲಿ 600ರ ಮೇಲೆ ತೆಗೆದವಳು. ದಾವಣಗೆರೆಗೆ ಪಿಯುಸಿ ಸೈನ್ಸ್‌ಗೆ ಹಾಕಿದ ಮೇಲೆ ಮಾತೇ ಬಿಟ್ಟಿದ್ದಾಳೆ."

ಕನ್ನಡ ಮಾಧ್ಯಮದಲ್ಲಿ ಓದಿ, ಊರಿಗೇ ಮೊದಲಿಗಳಾಗಿ, ಹಾಸ್ಟೆಲ್ ಸೇರಿದ ಹುಡುಗಿಯ ಮೇಲೆ ಒಂದೇ ಜೂನ್ ತಿಂಗಳಲ್ಲಿ ಬೀಳುವುದೆಷ್ಟು ಎಂದು ನೋಡಿ. ದ್ಯುತಿಸಂಶ್ಲೇಷಣೆ ಎಂದು ಚೆನ್ನಾಗಿ ಬಲ್ಲ ವಿಷಯ ಫೋಟೋಸಿಂಥೆಸಿಸ್ ಎಂಬ ಹೆಸರಿನಲ್ಲಿ ಅಪರಿಚಿತವಾಗುತ್ತದೆ. ಬೆಳಿಗ್ಗೆ ಕಾಲೇಜು, ಸಂಜೆ ನೀಟ್ ಅಥವಾ ಸಿಇಟಿ ತರಬೇತಿ, ಎರಡಕ್ಕೂ ಬೇರೆ ಬೇರೆ ಪರೀಕ್ಷೆ. ಕೋಣೆಯಲ್ಲಿರುವವರೆಲ್ಲ ತಮ್ಮ ತಮ್ಮ ಶಾಲೆಯ ಮೊದಲಿಗರೇ ಆದ್ದರಿಂದ ಮೊದಲ ಕಿರುಪರೀಕ್ಷೆಯಲ್ಲೇ ಯಾರಾದರೂ ಕೊನೆಯ ಸ್ಥಾನಕ್ಕೆ ಹೋಗಲೇಬೇಕು. ಹತ್ತು ವರ್ಷ "ಜಾಣೆ" ಎಂಬ ಹೆಸರಿನಲ್ಲೇ ಬೆಳೆದವಳಿಗೆ ಆ ಹೆಸರು ಹೋದರೆ ತಾನು ಯಾರೆಂಬುದೇ ತೋಚುವುದಿಲ್ಲ.

ಫೋನಿನಲ್ಲಿ "ಟೆಸ್ಟ್‌ನಲ್ಲಿ ಎಷ್ಟು ಬಂತು?" ಎಂಬುದು ಮೊದಲ ಪ್ರಶ್ನೆಯಾಗದಿರಲಿ. "ಊಟ ಹೆಂಗಿದೆಯವ್ವ, ನಿದ್ದೆ ಬರ್ತದಾ?" ಎಂದು ಕೇಳಿ, ಉತ್ತರಕ್ಕೆ ಕಾಯಿರಿ. ಮೊದಲ ಆರು ತಿಂಗಳು ಅಂಕ ಇಳಿಯುವುದು ಭಾಷೆ ಬದಲಾದ್ದರಿಂದ, ಬುದ್ಧಿ ಕುಂದಿದ್ದರಿಂದಲ್ಲ ಎಂದು ಬಾಯಿಬಿಟ್ಟು ಹೇಳಿ. ತಿಂಗಳಿಗೊಮ್ಮೆಯಾದರೂ ಖುದ್ದಾಗಿ ಹೋಗಿ ಭೇಟಿ ಮಾಡಿ, ಜೊತೆಯಲ್ಲಿ ಬೆಣ್ಣೆ ದೋಸೆ ತಿಂದು ಬನ್ನಿ, ಅಂಕದ ಮಾತು ಅಂದು ಬೇಡ. ಆಕೆ ವಿಜ್ಞಾನವನ್ನೇ ಬಿಡಬೇಕೆಂದರೆ ಕಟ್ಟಿದ ಫೀಸಿನ ಲೆಕ್ಕ ತೆಗೆಯದೆ ಕಾರಣವನ್ನು ಪೂರ್ತಿ ಕೇಳಿಸಿಕೊಳ್ಳಿ.

## ಆಳದ ಪ್ರಶ್ನೆಗಳು

"ಬಾಯಲ್ಲಿ ಎಲ್ಲಾ ಹೇಳುತ್ತಾಳೆ, ಬರೆಯೋಕೆ ಬರಲ್ಲ. ಸೋಮಾರಿತನವೋ ಬೇರೆ ಏನಾದರೂ ಇದೆಯೋ?"

ಮೂರನೇ ತರಗತಿ ದಾಟಿದರೂ ಅಕ್ಷರಗಳನ್ನು ಅದಲುಬದಲು ಮಾಡುವುದು, ಒತ್ತಕ್ಷರ ಬಿಟ್ಟು ಓದುವುದು, ಹಲಗೆಯ ಮೇಲಿನದನ್ನು ನಕಲು ಮಾಡಲು ತುಂಬ ಹೊತ್ತು ತೆಗೆದುಕೊಳ್ಳುವುದು, ಆದರೆ ಮಾತಿನಲ್ಲೂ ತಿಳಿವಳಿಕೆಯಲ್ಲೂ ವಯಸ್ಸಿಗೆ ತಕ್ಕಂತಿರುವುದು ಕಂಡುಬಂದರೆ ಅದು ನಿರ್ದಿಷ್ಟ ಕಲಿಕಾ ನ್ಯೂನತೆ ಇರಬಹುದು. ಇಂಥ ಮಗುವಿಗೆ ಹೆಚ್ಚು ಹೋಂವರ್ಕ್ ಕೊಡುವುದರಿಂದ ಏನೂ ಸುಧಾರಿಸುವುದಿಲ್ಲ, ಶಾಲೆಯ ಮೇಲೆ ದ್ವೇಷ ಬೆಳೆಯುತ್ತದೆ. ಮೊದಲು ಕಣ್ಣು ಮತ್ತು ಕಿವಿಯ ಪರೀಕ್ಷೆ, ನಂತರ ಮನಃಶಾಸ್ತ್ರಜ್ಞರಿಂದ ಕಲಿಕೆಯ ಮೌಲ್ಯಮಾಪನ ಮಾಡಿಸಿ. ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯ ತಂಡಕ್ಕೂ ಹೇಳಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಈ ನ್ಯೂನತೆಯನ್ನು ಗುರುತಿಸಿದೆ. ಪ್ರಮಾಣಪತ್ರವಿದ್ದರೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯದಂಥ ರಿಯಾಯಿತಿ ಪಡೆಯಬಹುದು. ಹತ್ತನೇ ತರಗತಿಯ ಜನವರಿಯಲ್ಲಿ ಓಡಾಡುವ ಬದಲು ಏಳು ಎಂಟನೇ ತರಗತಿಯಲ್ಲೇ ಮಾಡಿಸಿಡಿ.

"ಫೇಲಾಗಿದ್ದಾನೆ. ಒಂದು ವರ್ಷ ಹಾಳಾಯಿತು ಅಂತ ಮನೆಯಲ್ಲಿ ಸೂತಕದ ಹಾಗಿದೆ."

ವರ್ಷ ಹಾಳಾಗಿಲ್ಲ. 2023–24ನೇ ಸಾಲಿನಿಂದ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಕ್ರಮ ಬಂದಿದೆ. ಬಿದ್ದ ವಿಷಯಗಳನ್ನು ಅದೇ ವರ್ಷದ ಮುಂದಿನ ಪರೀಕ್ಷೆಯಲ್ಲಿ ಬರೆಯಬಹುದು, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಮುಂದಿನ ಪರೀಕ್ಷೆಯ ಅರ್ಜಿಯ ಕೊನೆಯ ದಿನಾಂಕವನ್ನು ಫಲಿತಾಂಶದ ದಿನವೇ ಶಾಲೆಯಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಮೊದಲ ಎರಡು ಮೂರು ದಿನ ಬಂಧುಗಳ ಫೋನನ್ನು ಮಗುವಿನ ಕೈಗೆ ಕೊಡಬೇಡಿ, ಮಗುವನ್ನು ಒಂಟಿಯಾಗಿ ಬಿಡಬೇಡಿ.

"'ಸತ್ತು ಹೋಗ್ತೀನಿ' ಅಂತಾಳೆ. ಹೆದರಿಸೋಕೆ ಹೇಳ್ತಿದ್ದಾಳಾ?"

ಹೆದರಿಸಲು ಹೇಳುತ್ತಿದ್ದಾಳೆಂದು ಎಂದಿಗೂ ಊಹಿಸಬೇಡಿ. ಆಕೆಯ ಪಕ್ಕದಲ್ಲಿ ಕೂತು ನೇರವಾಗಿ ಕೇಳಿ: "ಸಾಯಬೇಕು ಅನ್ನಿಸ್ತಿದೆಯಾ? ಯಾವಾಗಿನಿಂದ?" ಹೀಗೆ ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ, ಒಳಗಿದ್ದದ್ದನ್ನು ಹೇಳಿಕೊಳ್ಳಲು ದಾರಿಯಾಗುತ್ತದೆ. ಬುದ್ಧಿ ಹೇಳಬೇಡಿ, ದೇವರ ಮೇಲೆ ಆಣೆ ಹಾಕಿಸಬೇಡಿ, ಕೇಳಿಸಿಕೊಳ್ಳಿ. ಆ ರಾತ್ರಿ ಯಾರಾದರೊಬ್ಬರು ಜೊತೆಯಲ್ಲೇ ಮಲಗಿ. ನಮ್ಮದು ಮೆಕ್ಕೆಜೋಳ, ಶೇಂಗಾ, ಈರುಳ್ಳಿ, ಅಡಿಕೆ ಬೆಳೆಯುವ ಸೀಮೆ. ಬೆಳೆಗೆ ಹೊಡೆಯುವ ಔಷಧಿ ಎಷ್ಟೋ ಮನೆಗಳ ಪಡಸಾಲೆಯ ಮೂಲೆಯಲ್ಲೇ ಇರುತ್ತದೆ. ಅದನ್ನು ಇವತ್ತೇ ಮನೆಯಿಂದಾಚೆಗೆ ಸಾಗಿಸಿ ಬೀಗ ಹಾಕಿ, ಮಾತ್ರೆಗಳನ್ನೂ ಎತ್ತಿಡಿ. ಆವೇಗ ತೀವ್ರವಾಗಿರುವ ಹೊತ್ತು ಸಾಮಾನ್ಯವಾಗಿ ಚಿಕ್ಕದು, ಆ ಹೊತ್ತಿನಲ್ಲಿ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ.

ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098. ಏನಾದರೂ ಸೇವಿಸಿದ್ದಾಳೆಂಬ ಅನುಮಾನ ಬಂದರೆ ವಾಂತಿ ಮಾಡಿಸುತ್ತ ಹೊತ್ತು ಕಳೆಯಬೇಡಿ, ಡಬ್ಬಿಯನ್ನೂ ತೆಗೆದುಕೊಂಡು ಹತ್ತಿರದ ಆಸ್ಪತ್ರೆಗೆ ಧಾವಿಸಿ, 108ಕ್ಕೆ ಕರೆ ಮಾಡಿ. ಪೊಲೀಸ್ ಕೇಸಾಗುತ್ತದೆಂದು ಹೆದರಿ ತಡಮಾಡಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ, ಹೀಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರನ್ನು ಶಿಕ್ಷಿಸುವಂತಿಲ್ಲ ಎನ್ನುತ್ತದೆ.

"ಮನೋವೈದ್ಯರ ಹತ್ತಿರ ಹೋದರೆ ಊರಲ್ಲಿ ಹುಚ್ಚು ಅಂತಾರೆ. ಮುಂದೆ ಮದುವೆಗೆ ತೊಂದರೆ ಆಗಲ್ವಾ?"

ಚಿಕಿತ್ಸೆಯ ವಿವರವನ್ನು ಗುಟ್ಟಾಗಿಡುವುದು ಅದೇ ಕಾಯ್ದೆಯ 23ನೇ ಕಲಂ ಕೊಡುವ ಹಕ್ಕು. ಅದನ್ನು ಶಾಲೆಗಾಗಲಿ ನೆಂಟರಿಗಾಗಲಿ ವೈದ್ಯರು ತಿಳಿಸುವಂತಿಲ್ಲ. ಎರಡು ವಾರಕ್ಕೂ ಮೀರಿ ನಿದ್ದೆ, ಊಟ, ಓದು, ಆಟ ಎಲ್ಲವೂ ಕೆಟ್ಟಿದ್ದರೆ ಕಾಯುವುದು ಬೇಡ. ಎಲ್ಲ ಮಕ್ಕಳಿಗೂ ಮಾತ್ರೆ ಬೇಕಾಗುವುದಿಲ್ಲ, ಬಹಳಷ್ಟು ಮಕ್ಕಳಿಗೆ ಆಪ್ತಸಮಾಲೋಚನೆಯೇ ಸಾಕಾಗುತ್ತದೆ. ಮಾತ್ರೆ ಕೊಟ್ಟರೆ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.

ಎರಡೂ ಜಿಲ್ಲಾ ಆಸ್ಪತ್ರೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಸೇವೆ ಇದೆ, ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗಗಳಿವೆ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೂ ಮನೋವೈದ್ಯರು ಬರುತ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನೋ ಆಸ್ಪತ್ರೆಯನ್ನೋ ಮೊದಲೇ ವಿಚಾರಿಸಿ. ಆಸ್ಪತ್ರೆಯ ಬಾಗಿಲಿಗೆ ಹೋಗಲು ಮನಸ್ಸು ಒಪ್ಪದಿದ್ದರೆ ಹದಿಹರೆಯದವರ ಸ್ನೇಹ ಕ್ಲಿನಿಕ್ ಇದೆ, ಅದೂ ಆಗದಿದ್ದರೆ ಇಂದು ರಾತ್ರಿಯೇ 14416ಕ್ಕೆ ಪೋಷಕರೊಬ್ಬರೇ ಕರೆ ಮಾಡಿ, ಮಗುವಿನ ವಯಸ್ಸು ಮತ್ತು ತಮಗೆ ಕಂಡದ್ದನ್ನು ಹೇಳಿ, ಮುಂದೇನು ಮಾಡಬೇಕೆಂದು ಕೇಳಿಕೊಳ್ಳಬಹುದು.